ಪಡಸಾಲೆಯಲ್ಲಿ ಸಂಗೀತ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕೊಬ್ಬರಿಯನ್ನು ಪರೀಕ್ಷಿಸುವುದು ಕಣ್ಣಿನ ಕೆಲಸವಲ್ಲ, ಕಿವಿಯ ಕೆಲಸ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ನೀರು ತುಳುಕಿದರೆ ಇನ್ನೂ ಕಾಯಬೇಕು; ಗುಂಡು ಉರುಳಿದಂತೆ ಲೊಟಲೊಟ ಎಂದರೆ ಕೆಳಗಿಳಿಸಬಹುದು. ಇಂಥ ಕಿವಿಯುಳ್ಳ ಜನ ಸಂಗೀತದ ಯಂತ್ರಗಳನ್ನು ಹೇಗೆ ಬರಮಾಡಿಕೊಂಡರೆಂಬುದು ವಿಚಾರಿಸತಕ್ಕ ಸಂಗತಿಯೇ ಸರಿ.

ಈ ಯೋಚನೆ ಹುಟ್ಟಿದ್ದು ಕಳೆದ ದೀಪಾವಳಿಯಲ್ಲಿ. ಬೆಂಗಳೂರಿನಲ್ಲಿರುವ ನಮ್ಮ ಹುಡುಗನೊಬ್ಬ ಊರಿನ ತೊಟ್ಟಿಮನೆಗೆ ಒಂದು ಸೌಂಡ್‌ಬಾರ್ ತಂದಿದ್ದ. ಎರಡು ಮೊಳ ಉದ್ದದ ಕಪ್ಪು ಪಟ್ಟಿ, ಅದನ್ನು ಟಿ.ವಿ.ಯ ಕೆಳಗೆ ಇಟ್ಟ. ಜೊತೆಗೆ ಬಂದ ಸಬ್‌ವೂಫರ್ ಎಂಬ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದ. ಮೊದಲು ಹಾಕಿದ್ದು ಟಿ. ಚೌಡಯ್ಯನವರ ಹಳೆಯ ಪಿಟೀಲು. ಎಂಬತ್ತನ್ನು ದಾಟಿದ ನಮ್ಮ ಅಜ್ಜಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, “ಪಿಟೀಲು ಬಾರಿಸೋರು ಎಲ್ಲಿ ಕೂತವ್ರೋ ಗೊತ್ತಾಗಲ್ವಲ್ಲಪ್ಪಾ, ಮನೆಯೆಲ್ಲ ಹರಡಿಕೊಂಡಂಗೈತೆ” ಎಂದರು. ಹುಡುಗ ನಕ್ಕುಬಿಟ್ಟ. ನನಗೆ ಮಾತ್ರ ಅದು ನಗುವ ಪ್ರಶ್ನೆಯಾಗಿ ಕಾಣಲಿಲ್ಲ. ಸಂಗೀತ ಮನೆಯೊಳಗೆ ಬಂದಾಗಿನಿಂದಲೂ ಅದು ಎಲ್ಲಿ ಕೂರಬೇಕು, ಅದರ ಮುಂದೆ ಯಾರು ಕೂರಬೇಕು ಎಂಬುದೇ ದೊಡ್ಡ ಪ್ರಶ್ನೆ.

ಯಂತ್ರಗಳಿಗಿಂತ ಹಿಂದೆ ಮನೆಯೊಳಗಿದ್ದುದು ಬೀಸುವ ಹಾಡು, ಸೋಬಾನೆ, ತೊಟ್ಟಿಲ ಪದ. ಎಲ್ಲವೂ ಹೆಂಗಸರ ಕಂಠದ ಸ್ವತ್ತು. ಉಳಿದ ಸಂಗೀತಕ್ಕೆ ಹೊಸಿಲು ದಾಟಿ ಹೋಗಬೇಕಾಗಿತ್ತು. ಸುಗ್ಗಿ ಮುಗಿದ ಮೇಲೆ ಮೂಡಲಪಾಯದ ಮುಖವೀಣೆ ಬೆಳಗಿನವರೆಗೆ ಕೂಗುತ್ತಿತ್ತು. ಭಜನೆಯ ಮನೆಯಲ್ಲಿ ತಾಳ ತಂಬೂರಿ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕಡೆಯ ಸಾಲಿನ ನೆಲದ ಮೇಲೆ ಕೂತವನಿಗೂ ಹಾಡು ಮುಟ್ಟಬೇಕು. ಕಂಠವೂ ಹಾರ್ಮೋನಿಯಮ್ಮೂ ಅದಕ್ಕೆ ತಕ್ಕಂತೆಯೇ ಪಳಗಿದ್ದವು. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರನ್ನು ಕೂಡಿಸಿ ಏಳು ತಂತಿ ಮಾಡಿಕೊಂಡದ್ದೂ ನಾದ ದೂರಕ್ಕೆ ಕೇಳಲೆಂದೇ. ಸೌಂಡ್‌ಬಾರಿನಲ್ಲಿ ಮೊದಲು ನುಡಿದವರು ಅವರೇ ಆದದ್ದು ಒಂದು ತಮಾಷೆ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ತಟ್ಟೆಗೆ ಇಳಿಸಿದರು. ಅಚ್ಚಾಗುವುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಗುರುತು ಸಿಕ್ಕಲೆಂದು ಹಾಡಿನ ಕೊನೆಗೆ ಆಕೆ ತಮ್ಮ ಹೆಸರನ್ನು ತಾವೇ ಸಾರುತ್ತಿದ್ದರು. ಅದೇ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ಕಣ್ಮುಚ್ಚಿದರು. ಗ್ರಾಮಫೋನು ನಮ್ಮ ಕಡೆಗೆ ಹತ್ತಿ ಬಂದದ್ದು ಕೊಬ್ಬರಿಯನ್ನು ಹೊತ್ತೊಯ್ಯುತ್ತಿದ್ದ ರೈಲನ್ನೇ. ಬೆಂಗಳೂರಿನಿಂದ ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೇಲೆ ಹರಿಹರಕ್ಕೆ ಹೋಗುವ ಹಾದಿ 1880ರ ದಶಕದ ಕೊನೆಗೇ ಮುಗಿದಿತ್ತಷ್ಟೆ. ಕೀಲಿ ಕೊಡಬೇಕು, ಮುಳ್ಳು ಬದಲಿಸಬೇಕು. ತಟ್ಟೆಯ ಒಂದು ಮುಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. ಒಂದು ರಾತ್ರಿಯ ರಾಗ ಮೂರು ನಿಮಿಷದಲ್ಲಿ ಮುದುಡಿ ಕೂತಿತು. 1925ರವರೆಗೆ ಮುದ್ರಣವೂ ಕೊಳವೆಯ ಮುಂದೆ ಕೂಗಿ ಮಾಡಿದ್ದೇ. ಮೃದಂಗದ ತೊಪ್ಪಿಯ ಗುಂಕಾರ ತಟ್ಟೆಯವರೆಗೆ ಬರುತ್ತಿರಲಿಲ್ಲ.

ಈ ಯಂತ್ರದ ಸ್ಥಾನ ಪಡಸಾಲೆ. ಪಡಸಾಲೆ ಗಂಡಸರದು. ಒಳಗಿನವರು ಬಾಗಿಲ ಸಂದಿಯಿಂದ, ಒಲೆಯ ಮುಂದಿನಿಂದ, ಒಗ್ಗರಣೆಯ ಸದ್ದಿನ ನಡುವೆ ಸಿಕ್ಕಷ್ಟು ಕೇಳಿಸಿಕೊಂಡರು. ನಮ್ಮ ಅಜ್ಜಿ ಸೊಸೆಯಾಗಿ ಬಂದ ಮನೆಯಲ್ಲಿ ಗ್ರಾಮಫೋನು ಇತ್ತಂತೆ; ಅದರ ಹಾಡುಗಳೆಲ್ಲ ಅವರಿಗೆ ಬಾಯಿಪಾಠ; ಆದರೆ ತಟ್ಟೆ ತಿರುಗುವುದನ್ನು ಎದುರಿಗೆ ಕೂತು ನೋಡಿದ್ದು ಮಾತ್ರ ಇಲ್ಲವಂತೆ. ಮಾಡಿನ ಕೆಳಗಿನ ಈ ಲೆಕ್ಕ ಯಾವ ಸಂಗೀತ ಚರಿತ್ರೆಯಲ್ಲಿಯೂ ಬರೆದಿಲ್ಲ.

ಆಗಿನ ಮೈಸೂರು ರಾಜ್ಯದ ಇನ್ನೊಂದು ತುದಿಯನ್ನೂ ಹೇಳಿಬಿಡುತ್ತೇನೆ. ಜಯಚಾಮರಾಜೇಂದ್ರ ಒಡೆಯರಿಗೆ ಪಾಶ್ಚಾತ್ಯ ಸಂಗೀತದ ತಟ್ಟೆಗಳ ದೊಡ್ಡ ಭಂಡಾರವೇ ಇತ್ತು. ಲಂಡನ್ನಿನಲ್ಲಿ ಮರೆತುಹೋಗಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು 1940ರ ದಶಕದ ಕಡೆಯಲ್ಲಿ ಅವನಿಂದಲೇ ಧ್ವನಿಮುದ್ರಿಸಲು ಹಣ ಕೊಟ್ಟವರು ಈ ಮಹಾರಾಜರೇ. ಮನೆಯಲ್ಲಿ ಕೂತು ತಟ್ಟೆ ಕೇಳುವ ಹವ್ಯಾಸ ಒಬ್ಬ ಸಂಗೀತಗಾರನ ಮುಪ್ಪನ್ನು ಕಾಯ್ದದ್ದು ಅಪರೂಪದ ಮಾತು.

ನಮ್ಮಂಥವರ ಮನೆಗೆ ದಾರಿ ಮಾಡಿದವರು ಬೇರೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ 30 ವಾಟಿನ ಪ್ರೇಷಕವನ್ನಿಟ್ಟುಕೊಂಡು ಬಾನುಲಿ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ನಿಂತದ್ದು ಅಲ್ಲಿ. ಒಂದು ಮನೆಯಿಂದ ಹೊರಟ ಸಂಗೀತ ಇನ್ನೊಂದು ಮನೆಯಲ್ಲಿ ಇಳಿಯುವುದೆಂದರೆ ಇದೇ. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಬಂತು. 1965ರಲ್ಲಿ ಭದ್ರಾವತಿಯೂ ನುಡಿಯತೊಡಗಿತು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸು ಕಟ್ಟಬೇಕಾಗಿದ್ದ ಕಾಲ. ಆ ಪದ್ಧತಿ 1980ರ ದಶಕದವರೆಗೂ ನಡೆಯಿತು. ಗೋಡೆಯ ಗೂಡಿನಲ್ಲಿ, ಕಸೂತಿಯ ವಸ್ತ್ರ ಹೊದ್ದು, ದೇವರಂತೆಯೇ ಕೂತಿದ್ದ ಆ ಮರದ ಪೆಟ್ಟಿಗೆಯ ದನಿ ಈಗಲೂ ಕಿವಿಯಲ್ಲಿದೆ. ಅದಕ್ಕೊಂದು ಹೊಟ್ಟೆಯಿತ್ತು. ವೀಣೆಯ ಕೊಡ, ತಂಬೂರಿಯ ಬುರುಡೆ, ರೇಡಿಯೋದ ಪೆಟ್ಟಿಗೆ, ಇವೆಲ್ಲ ಒಂದೇ ಜಾತಿ; ಒಳಗೆ ಗಾಳಿಗೆ ತೆರಪಿದ್ದರೆ ಮಂದ್ರ ನಿಲ್ಲುತ್ತದೆ.

(ಆಲ್ ಇಂಡಿಯಾ ರೇಡಿಯೋ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತ್ತು. ಗುಬ್ಬಿಯ ಸುತ್ತಿನವರಿಗೆ ಇದನ್ನು ಹೇಗೆ ತಿಳಿಯಹೇಳಿದರೋ ಕಾಣೆ.)

ಟ್ರಾನ್ಸಿಸ್ಟರು ಬಂದು ಹೊಟ್ಟೆ ಕರಗಿತು. ದನಿ ತಗಡಿನದಾಯಿತು. ಆದರೂ ಅದರ ಉಪಕಾರವನ್ನು ಕಡಿಮೆಯೆನ್ನಲಾರೆ: ಅದು ಪಡಸಾಲೆ ಬಿಟ್ಟು ಎದ್ದಿತು. ಅಡುಗೆಮನೆಯ ಗೂಡಿಗೆ ಹೋಯಿತು, ತೋಟಕ್ಕೆ ಹೋಯಿತು, ಕಾಯಿ ಸುಲಿಯುವವರ ಪಕ್ಕದಲ್ಲಿ ಕೂತಿತು. ಅಜ್ಜಿಯ ಲೆಕ್ಕದಲ್ಲಿ ಸಂಗೀತದ ಸ್ವಾತಂತ್ರ್ಯ ಬಂದದ್ದು ಆಗಲೇ. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯೆಂದು ಹೆಸರಾದ ‘ನಿತ್ಯೋತ್ಸವ’ 1978ರಲ್ಲಿ ಬಂದ ಮೇಲೆ, ಬೇಕಾದಾಗ ಬೇಕಾದ ಹಾಡೆಂಬುದೂ ಸಾಧ್ಯವಾಯಿತು.

ಟಿ.ವಿ. ಮತ್ತೆ ಎಲ್ಲರನ್ನೂ ಪಡಸಾಲೆಗೆ ಕರೆಯಿತು. ಹಳೆಯ ಟಿ.ವಿ.ಗೆ ಚಿತ್ರದ ಕೊಳವೆಗಾಗಿ ದೊಡ್ಡ ಬೆನ್ನಿತ್ತು; ಅದರಲ್ಲಿ ಒಂದು ಯೋಗ್ಯವಾದ ಸ್ಪೀಕರಿಗೂ ಜಾಗವಿತ್ತು. ಅದು ತೆಳ್ಳಗಾಗಿ ಗೋಡೆಗೆ ಅಂಟಿಕೊಂಡ ಮೇಲೆ ಸ್ಪೀಕರುಗಳು ಬಡಕಲಾಗಿ, ನೆಲವನ್ನೋ ಗೋಡೆಯನ್ನೋ ನೋಡುತ್ತಾ ಮಾತಾಡತೊಡಗಿದವು. ಸೌಂಡ್‌ಬಾರ್ ಹುಟ್ಟಿದ್ದು ಈ ಕೊರತೆಯಿಂದ. 2004ರಲ್ಲಿ ಯಮಾಹಾ ಕಂಪನಿ ತಂದ ಪಟ್ಟಿಯೊಂದರಲ್ಲಿ ನಲವತ್ತು ಪುಟ್ಟ ಸ್ಪೀಕರುಗಳೂ ಎರಡು ದೊಡ್ಡವೂ ಇದ್ದವು. ಒಂದೊಂದು ನುಡಿಯುವ ಕ್ಷಣವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಶಬ್ದವನ್ನು ಟಾರ್ಚಿನ ಬೆಳಕಿನಂತೆ ಪಕ್ಕದ ಗೋಡೆಗೆ ಎಸೆದು, ಅದು ಪುಟಿದು ಬೆನ್ನ ಹಿಂದಿನಿಂದ ಬಂದಂತೆ ಕೇಳಿಸುವ ಉಪಾಯ. ಈ ಕಂಪನಿಯ ಮೂಲಪುರುಷ 1887ರಲ್ಲಿ ಜಪಾನಿನ ಹಮಾಮಾತ್ಸು ಶಾಲೆಯ ಕೆಟ್ಟಿದ್ದ ಆರ್ಗನ್ನನ್ನು ರಿಪೇರಿ ಮಾಡಿ ಕಸಬಿಗೆ ಇಳಿದವನು. ಆರ್ಗನ್ ಎಂದರೆ ನಮ್ಮ ನಾಟಕದ ಕಾಲು ಹಾರ್ಮೋನಿಯಮ್ಮಿನ ಒಡಹುಟ್ಟು.

ಈ ಉಪಾಯಕ್ಕೆ ಗೋಡೆ ಬೇಕು. 2014ರಿಂದ ಮನೆಗಳಿಗೆ ಬಂದ ಡಾಲ್ಬಿ ಅಟ್ಮಾಸ್‌ನಲ್ಲಿ ಮೇಲ್ಮುಖವಾಗಿ ನುಡಿಯುವ ಸ್ಪೀಕರುಗಳಿಗೆ ಸಮತಟ್ಟಾದ ತಾರಸಿಯೂ ಬೇಕು. ತೊಟ್ಟಿಮನೆಯಲ್ಲಿ ಒಂದು ಪಕ್ಕಕ್ಕೆ ಗೋಡೆ, ಇನ್ನೊಂದು ಪಕ್ಕಕ್ಕೆ ಬಯಲಾದ ತೊಟ್ಟಿ. ಮೇಲೆ ಇಳಿಜಾರಾದ ಹೆಂಚು, ಇಲ್ಲವೆ ಕಾಯಿ ತುಂಬಿದ ಅಟ್ಟ. ಶಬ್ದ ಒಂದು ಕಡೆ ಪುಟಿಯುತ್ತದೆ, ಇನ್ನೊಂದು ಕಡೆ ಆಕಾಶಕ್ಕೆ ಹೋಗುತ್ತದೆ. ಬೆಂಗಳೂರಿನ ಫ್ಲಾಟಿಗೆಂದು ಹೊಲಿದ ಅಂಗಿ ನಮ್ಮ ಮನೆಯ ಮೈಗೆ ಕೂರಲಿಲ್ಲವೆಂದರೆ ತಪ್ಪು ಅಂಗಿಯದೂ ಅಲ್ಲ, ಮೈಯದೂ ಅಲ್ಲ.

ಮೂಲೆಗೆ ಸೇರಿಸಿದ್ದ ಪೆಟ್ಟಿಗೆಯದು ಇನ್ನೊಂದು ರಗಳೆ. ಸೆಕೆಂಡಿಗೆ 50 ಸಲ ಅದುರುವ ನಾದದ ಒಂದು ಅಲೆ ಸುಮಾರು 7 ಮೀಟರು ಉದ್ದ. ಅನೇಕ ಪಡಸಾಲೆಗಳಿಗಿಂತ ಉದ್ದ. ಮೂಲೆಯಲ್ಲಿ ಅದು ಉಬ್ಬಿಕೊಂಡು, ಮೃದಂಗದ ತೊಪ್ಪಿ ನಗಾರಿಯಾಗುತ್ತದೆ. ಸಿನಿಮಾದಲ್ಲಿ ಬಾಂಬು ಸಿಡಿಯುವಾಗ ಇದು ಹಿತ. ಕಛೇರಿಗೆ ಆಗದು.

ಸಂಗೀತಕ್ಕೆ ನನ್ನನ್ನು ಕೇಳಿದರೆ, ಆರಡಿ ಅಂತರದಲ್ಲಿ ಎರಡು ಬೇರೆ ಬೇರೆ ಪೆಟ್ಟಿಗೆಗಳೇ ಮೇಲು. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲಿ ಎರಡು ಕಿವಿಗಳ ನ್ಯಾಯವನ್ನು ಹಿಡಿದು ಸ್ಟೀರಿಯೋ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಆ ನ್ಯಾಯ ಎರಡು ಮೊಳದ ಪಟ್ಟಿಯೊಳಗೆ ಪೂರ್ತಿ ಹಿಡಿಸುವುದಿಲ್ಲ. ಆದರೆ ಎರಡು ಪೆಟ್ಟಿಗೆಗೆ ಜಾಗವೆಲ್ಲಿ, ತಂತಿ ಎಳೆಯಲು ಮನೆಯವರ ಒಪ್ಪಿಗೆ ಎಲ್ಲಿ? ಒಬ್ಬೊಬ್ಬರೂ ಕಿವಿಗೆ ಒಂದೊಂದು ಗುಂಡಿ ತುರುಕಿಕೊಂಡು ಮೂಲೆ ಸೇರಿರುವಾಗ, ನಾಲ್ಕು ಜನ ಒಟ್ಟಿಗೆ ಕೇಳುವಂತೆ ಮಾಡುವ ಪಟ್ಟಿಯನ್ನು ನಾನು ಹಳಿಯಲಾರೆ.

ಅಜ್ಜಿಯ ಪ್ರಶ್ನೆ ಅಲ್ಲೇ ಉಳಿದಿತ್ತು. ಚೌಡಯ್ಯನವರ ಆ ಮುದ್ರಣ ಸ್ಟೀರಿಯೋಗಿಂತ ಹಿಂದಿನದು, ಒಂದೇ ಬಾಯಿಯದು. ಪಟ್ಟಿ ಅದನ್ನು ಸಿನಿಮಾದ ಸರೌಂಡ್ ಲೆಕ್ಕದಲ್ಲಿ ಸುತ್ತಲೂ ಚೆಲ್ಲುತ್ತಿತ್ತು. ಹುಡುಗನಿಗೆ ಹೇಳಿ ಆ ಏರ್ಪಾಡನ್ನು ತೆಗೆಸಿದೆ. ಸಬ್‌ವೂಫರನ್ನು ಮೂಲೆಯಿಂದ ಎಳೆಸಿ, ಅದರ ಗುಂಕಾರವನ್ನು ಅರ್ಧಕ್ಕೆ ಇಳಿಸಿದೆವು. ಪಟ್ಟಿಯನ್ನು ಕೂತವರ ಕಿವಿಯ ಮಟ್ಟಕ್ಕೆ ತಂದೆವು. ತುಂಬಿದ ಅಟ್ಟ ಹೇಗೂ ಮೇಲೆ ಇತ್ತು. ಮೊದಲಿನ ಪ್ರತಿಧ್ವನಿ ಇಲ್ಲ.

ಮತ್ತೆ ಅದೇ ಪಿಟೀಲು. ಅಜ್ಜಿ ಒಂದು ನಿಮಿಷ ಬಾಗಿಲಲ್ಲೇ ನಿಂತರು. ಆಮೇಲೆ ತಮ್ಮ ಮಣೆಯನ್ನು ಅಡುಗೆಮನೆಯಿಂದ ಎತ್ತಿ ತಂದು, ಪಡಸಾಲೆಯ ನಟ್ಟನಡುವೆ, ಪಟ್ಟಿಗೆ ಎದುರಾಗಿ ಹಾಕಿಕೊಂಡು ಕೂತರು. “ಈಗ ಗೊತ್ತಾಯ್ತು, ಅಗೋ ಅಲ್ಲಿ ಕೂತವ್ರೆ” ಎಂದು ಟಿ.ವಿ.ಯ ನಡುಮಧ್ಯಕ್ಕೆ ಕೈ ತೋರಿಸಿದರು. ಮುಗಿದ ಮೇಲೆ ಇನ್ನೊಂದು ಸಲ ಹಾಕಿಸಿದರು.