ಬೆಂಗಳೂರು ಪೇಟೆಯ ಅಂಗಡಿಬೀದಿಗಳು

ಬೆಂಗಳೂರಿನ ಚರಿತ್ರೆಯನ್ನು ಬರೆಯಹೊರಟವರು ಕೋಟೆಯಿಂದಲೇ ಪ್ರಾರಂಭಿಸುವುದು ವಾಡಿಕೆ. ಅದನ್ನು ಕಟ್ಟಿದವರಾರು, ಹಿಡಿದವರಾರು, ಕಳೆದುಕೊಂಡವರಾರು ಎಂಬುದನ್ನು ಪಾಠಶಾಲೆಯ ಬಾಲಕರೂ ಹೇಳಬಲ್ಲರು. ಆದರೆ ಆ ಕೋಟೆಯವರಿಗೆ ಅಕ್ಕಿಯನ್ನು ಅಳೆದುಕೊಟ್ಟವರು, ಬಟ್ಟೆಯನ್ನು ನೆಯ್ದುಕೊಟ್ಟವರು, ಎಣ್ಣೆಯನ್ನು ಗಾಣವಾಡಿಸಿ ತಂದವರು ಯಾರೆಂಬ ವಿಷಯದಲ್ಲಿ ನಮ್ಮ ಗ್ರಂಥಗಳು ಬಹುಮಟ್ಟಿಗೆ ಮೌನವನ್ನೇ ಅವಲಂಬಿಸಿವೆ. ಆದುದರಿಂದ ಪೇಟೆಯನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕಮಹಾಶಯರ ಮುಂದಿಡಲು ಯತ್ನಿಸಿದ್ದೇನೆ.

1537ರಲ್ಲಿ ಯಲಹಂಕದ ಪ್ರಭು ಕೆಂಪೇಗೌಡನು ಈ ಊರನ್ನು ಕಟ್ಟಿಸಿದನೆಂಬುದು ಪ್ರಸಿದ್ಧವಾದ ವಿಷಯ. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕುಗಳಿಗೂ ಎತ್ತುಗಳನ್ನು ಹೂಡಿ ಬೀದಿಗಳ ಗೆರೆಯನ್ನು ಎಳೆಸಿದನೆಂದು ಐತಿಹ್ಯವುಂಟು. ಐತಿಹ್ಯವು ಹೇಗಾದರೂ ಇರಲಿ, ಬೀದಿಗಳ ಹೆಸರುಗಳು ಮಾತ್ರ ಶಾಸನಗಳಿಗೆ ಕಡಿಮೆಯಾದುವಲ್ಲ. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಇವುಗಳಿಗೆ ವ್ಯಾಖ್ಯಾನವೇ ಬೇಡ. ತರಗುಪೇಟೆಯ ವಿಷಯದಲ್ಲಿ ಮಾತ್ರ ಮಿತ್ರರೊಬ್ಬರು ಅಲ್ಲಿ ಹಿಂದೆ ತರಗೆಲೆಗಳು ಬಿದ್ದಿರುತ್ತಿದ್ದುವೆಂದು ನನ್ನೊಡನೆ ವಾದಿಸಿದರು. ಇದು ಒಪ್ಪತಕ್ಕ ಮಾತಲ್ಲ. ತರಗು ಎಂದರೆ ದಲ್ಲಾಳಿಯ ಕೂಲಿ. ತಮಿಳರೂ ಅದೇ ಅರ್ಥದಲ್ಲಿ ಈ ಪದವನ್ನು ಬಳಸುತ್ತಾರೆ. ಧಾನ್ಯದ ಮೂಟೆಗಳು ಕೈಯಿಂದ ಕೈಗೆ ಹೋಗುತ್ತಿದ್ದ ಕೇರಿಗೆ ಇದಕ್ಕಿಂತ ಉಚಿತವಾದ ಹೆಸರು ಇನ್ನಾವುದು? ಹಾಗೆಯೇ ನಗರ್ತಪೇಟೆಯು ನಗರ್ತರೆಂಬ ವರ್ತಕರ ನೆಲೆ. ಹಳೆಯ ಶಾಸನಗಳಲ್ಲಿ ವರ್ತಕರ ಸಂಘವನ್ನು ನಗರ, ನಕರ ಎಂದು ಕರೆದಿರುವುದನ್ನು ಬಲ್ಲವರಿಗೆ ಈ ಹೆಸರಿನ ಪ್ರಾಚೀನತೆಯು ಹೊಳೆಯದೆ ಇರದು.

1638ರಲ್ಲಿ ಊರು ಬಿಜಾಪುರದವರ ವಶವಾಯಿತು. 1687ರಲ್ಲಿ ಮೊಗಲರ ಕೈಸೇರಿತು. ಅವರಿಂದ ಚಿಕ್ಕದೇವರಾಜ ಒಡೆಯರು 3 ಲಕ್ಷ ರೂಪಾಯಿಗಳಿಗೆ ಅದನ್ನು ಕೊಂಡರೆಂದು ಚರಿತ್ರಕಾರರು ಹೇಳುತ್ತಾರೆ. ವ್ಯಾಪಾರದ ಊರು ತಾನೇ ಒಂದು ಸರಕಾಗಿ ಮಾರಾಟವಾದುದು ವಿನೋದವಲ್ಲವೆ! 1791ರ ಮಾರ್ಚಿ 7ರಂದು ಕಾರ್ನ್‌ವಾಲೀಸನ ಸೈನ್ಯವು ಮೊದಲು ಹಿಡಿದುದು ಪೇಟೆಯನ್ನೇ. ಕೋಟೆಯು ಬಿದ್ದುದು ಆಮೇಲೆ, 21ರ ರಾತ್ರಿ. ಅರಸರು ಕಾದಾಡಿದಾಗ ಮೊದಲ ಪೆಟ್ಟು ಅಂಗಡಿಕಾರನಿಗೆ.

1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಪೇಟೆಯ ವ್ಯಾಪಾರವನ್ನು ಸಾವಧಾನವಾಗಿ ವಿಚಾರಿಸಿ ಬರೆದಿಟ್ಟನು. ಟಿಪ್ಪುವು ನೆರೆಯ ಸೀಮೆಗಳೊಡನೆ ವ್ಯಾಪಾರವನ್ನು ನಿಷೇಧಿಸಿದುದರಿಂದ ವರ್ತಕರು ಕುಗ್ಗಿದ್ದರೆಂದೂ, ಅವನು ಮಡಿದ ಮೇಲೆ ಪುನಃ ತಲೆಯೆತ್ತುತ್ತಿದ್ದರೆಂದೂ ಅದರಿಂದ ತಿಳಿಯುತ್ತದೆ. ಎತ್ತುಗಳ ಬೆನ್ನಿನ ಮೇಲೆ ಅಡಕೆ, ಮೆಣಸು, ಏಲಕ್ಕಿ, ಶ್ರೀಗಂಧ ಘಟ್ಟದ ಕೆಳಗಿನ ಸೀಮೆಗೆ ಇಳಿಯುತ್ತಿದ್ದುವು. ಅಲ್ಲಿಂದ ಉಪ್ಪು, ತಾಮ್ರ, ತವರ, ಕರ್ಪೂರ, ಚೀಣಾದೇಶದ ರೇಷ್ಮೆ ಮೇಲಕ್ಕೆ ಬರುತ್ತಿದ್ದುವು. 1809ರಲ್ಲಿ ದಂಡು ನೆಲಸಿತು. 1864ರಲ್ಲಿ ದಂಡಿಗೆ ರೈಲು ಬಂದಿತು. ಆಮೇಲೆ ದೊಡ್ಡಪೇಟೆಯು ಅವೆನ್ಯೂ ರಸ್ತೆಯಾಯಿತು. ನೆರಳಿನ ಸಾಲುಮರಗಳಿರುವ ಮಾರ್ಗವೆಂದು ಆ ಇಂಗ್ಲಿಷ್ ಹೆಸರಿನ ಅರ್ಥ. ಅಲ್ಲಿ ಈಗ ನೆರಳನ್ನು ಹುಡುಕುವವನು ಯಾವುದಾದರೊಂದು ಅಂಗಡಿಯೊಳಗೇ ನುಗ್ಗಬೇಕು.

ಇವೆಲ್ಲವೂ ಹೊರಗಿನವರು ಬರೆದ ಮಾತಾಯಿತು. ಒಳಗಿನವರ ಬರಹವಿಲ್ಲವೆ? ಉಂಟು, ಅಥವಾ ಇದ್ದಿತು. ನಮ್ಮ ವರ್ತಕರು ಲೆಕ್ಕವನ್ನು ಕಡತದಲ್ಲಿ ಇಡುತ್ತಿದ್ದರು. ಕಡತವೆಂದರೆ ಈಗಿನ ಕಚೇರಿಯ ಕಾಗದದ ಕಟ್ಟಲ್ಲ. ಸುಮಾರು 8ರಿಂದ 12 ಅಂಗುಲ ಅಗಲ, 12ರಿಂದ 18 ಅಡಿ ಉದ್ದದ ಅರಿವೆಗೆ ಅಂಟನ್ನೂ ಇದ್ದಲಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಬರೆಯತಕ್ಕುದು. 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಮಾರ್ಕ್ ವಿಲ್ಕ್ಸನು ಇದನ್ನು ವಿವರವಾಗಿ ವರ್ಣಿಸಿ, ಅಂಗಡಿಕಾರರು ಆಗಲೂ ಇದನ್ನು ಬಳಸುತ್ತಿದ್ದರೆಂದಿದ್ದಾನೆ. ಒರಸಿ ಮತ್ತೆ ಬರೆಯಬಹುದಾದುದೇ ಅದರ ಗುಣ. ಚರಿತ್ರೆಯ ಪಾಲಿಗೆ ಅದೇ ದೋಷವೂ ಹೌದು. ಆಮೇಲೆ ಕಾಗದದ ಬಹಿಗಳು ಬಂದುವು. ಅವು ಒರಸಿಹೋಗುವುದಿಲ್ಲ, ತೂಕಕ್ಕೆ ಹೋಗುತ್ತವೆ.

ಕೆಲವು ವರ್ಷಗಳ ಹಿಂದೆ ಪೇಟೆಯ ರದ್ದಿ ಅಂಗಡಿಯೊಂದರಲ್ಲಿ ಅಂಥ ಎರಡು ಬಹಿಗಳನ್ನು ತೂಕದ ಬೆಲೆಗೇ ಕೊಂಡುತಂದೆನು. ಒಂದು ವಿಳಂಬಿ ಸಂವತ್ಸರದ್ದು, ಎಂದರೆ 1898ನೆಯ ಇಸವಿಯದು. ಬೆಂಗಳೂರಿಗೆ ಪ್ಲೇಗು ಬಂದ ವರ್ಷ. ಅರಳೆ, ನೂಲು, ಬಂಡಿಬಾಡಿಗೆ, ದೇವರ ಎಣ್ಣೆ ಎಂದು ದಿನದಿನವೂ ನಡೆದ ಲೆಕ್ಕವು ಭಾದ್ರಪದದ ನಡುವೆ ನಿಂತುಹೋಗಿದೆ. ಅನಂತರ ಹಾಳೆಗಳೆಲ್ಲವೂ ಖಾಲಿ. ಮಾಘಮಾಸದಲ್ಲಿ ಬರೆವಣಿಗೆಯು ಮತ್ತೆ ತೊಡಗುತ್ತದೆ, ಆದರೆ ಅಕ್ಷರವು ಬೇರೊಬ್ಬರದು. ಮೊದಲಿನವನು ಏನಾದನೆಂದು ಬಹಿಯು ಹೇಳುವುದಿಲ್ಲ. ಆ ವ್ಯಾಧಿಯ ತರುವಾಯವೇ ಮಲ್ಲೇಶ್ವರ ಬಸವನಗುಡಿಗಳು ಬೆಳೆದು, ಅಂಗಡಿಯ ಹಿಂದೆಯೇ ಸಂಸಾರ ಹೂಡಿದ್ದ ಅನೇಕರು ಮನೆಯನ್ನು ಅತ್ತ, ವ್ಯಾಪಾರವನ್ನು ಇತ್ತ ಇಟ್ಟುಕೊಳ್ಳುವಂತಾಯಿತು. ಅಂದು ಅಟ್ಟಕ್ಕೇರಿದ ಬಹಿಗಳು ಈಗ ಹಳೆಯ ಕಟ್ಟಡಗಳೊಡನೆ ಇಳಿಯುತ್ತಿವೆ.

ವಾಚಕರ ಮನೆಗಳಲ್ಲಿ ಅಂಥವು ಇದ್ದರೆ ರದ್ದಿಯವನಿಗೆ ಕೊಡುವ ಮುನ್ನ ನಮ್ಮ ಸಂಘಕ್ಕೆ ಒಂದು ಕಾರ್ಡನ್ನು ಬರೆಯಬೇಕಾಗಿ ಪ್ರಾರ್ಥನೆ. ಬಹಿಯನ್ನು ಕೊಡಬೇಕಾದುದಿಲ್ಲ, ತೋರಿಸಿದರೆ ಸಾಕು. ಮೋಡಿಯ ಬರಹವನ್ನು ಓದಬಲ್ಲವರು ನಮ್ಮಲ್ಲಿ ಇನ್ನೂ ಇಬ್ಬರು ಮೂವರು ಇದ್ದೇವೆ.