ಬೀಳದ ಬಾಂಬು, ನಿಲ್ಲದ ವಿಮಾನ: ಚೀನಾದ ಕ್ಯೂ-5

ಇಯರ್‌ಫೋನ್ ಹಾಕ್ಕೊಂಡ್ರಾ? ಒಂದು ಕ್ಷಣ ಹೀಗೆ ಯೋಚನೆ ಮಾಡಿ. ನೀವು ವಿಮಾನ ಓಡಿಸ್ತಿದ್ದೀರಿ, ಹೊಟ್ಟೆಯ ಕೆಳಗೆ ಹೈಡ್ರೋಜನ್ ಬಾಂಬ್ ಇದೆ. ಗುರಿ ಬಂತು, ಬಟನ್ ಒತ್ತಿದ್ರಿ. ಬಾಂಬ್ ಬೀಳಲಿಲ್ಲ.

1971ರ ಡಿಸೆಂಬರ್ 30ರಂದು ಚೀನಾದ ಪೈಲಟ್ ಯಾಂಗ್ ಗುವೋಶಿಯಾಂಗ್‌ಗೆ ಆಗಿದ್ದು ಇದೇ. ಜಾಗ, ಶಿನ್‌ಜಿಯಾಂಗ್‌ನ ಲೋಪ್ ನೂರ್ ಮರುಭೂಮಿ. ವಿಮಾನ, ಕ್ಯೂ-5. ಚೀನಿ ಭಾಷೆಯಲ್ಲಿ ಚಿಯಾಂಗ್-5.

ಈ ವಿಮಾನ ಹುಟ್ಟಿದ್ದೇ ಒಂದು ಹಟದಿಂದ ಅನ್ನಬಹುದು. 1958ರಲ್ಲಿ ನಾನ್‌ಚಾಂಗ್ ಕಾರ್ಖಾನೆಯಲ್ಲಿ ವಿನ್ಯಾಸಕ ಲು ಶಿಯಾವೊಪೆಂಗ್ ಕೆಲಸ ಶುರು ಮಾಡಿದರು. ಆಧಾರ ಸೋವಿಯತ್‌ನ ಮಿಗ್-19. ಆದರೆ ಅದು ಆಕಾಶದಲ್ಲಿ ಕಾದಾಡುವ ವಿಮಾನ, ಇವರಿಗೆ ಬೇಕಿದ್ದದ್ದು ನೆಲದ ಮೇಲಿನ ಗುರಿಗೆ ಹೊಡೆಯುವಂಥದ್ದು. ಮೂತಿಯಲ್ಲಿದ್ದ ಗಾಳಿಯ ಬಾಯಿಯನ್ನು ಎರಡೂ ಪಕ್ಕಕ್ಕೆ ಸರಿಸಿದರು, ದೇಹವನ್ನು ಉದ್ದ ಮಾಡಿದರು, ನಡುವನ್ನು ಹಳೇ ಸೋಡಾ ಬಾಟಲಿ ಥರ ಸಣ್ಣ ಮಾಡಿದರು. ಹೊಟ್ಟೆಯೊಳಗೇ ಬಾಂಬ್ ಇಡೋಕೆ ಜಾಗ ಸಿಕ್ಕಿತು.

ಅಷ್ಟರಲ್ಲಿ ದೇಶದಲ್ಲಿ ಭೀಕರ ಬರ, ಹಸಿವು. ಸೋವಿಯತ್ ತಜ್ಞರು 1960ರಲ್ಲಿ ಗಂಟುಮೂಟೆ ಕಟ್ಟಿ ಹೊರಟೇಬಿಟ್ಟರು. 1961ರಲ್ಲಿ ಯೋಜನೆಗೂ ಬೀಗ ಬಿತ್ತು. ಆದರೂ ಲು ಮತ್ತು ಒಂದು ಪುಟ್ಟ ತಂಡ ಕೆಲಸ ಬಿಡಲಿಲ್ಲ. 1963ರಲ್ಲಿ ಮತ್ತೆ ಅನುಮತಿ ಸಿಕ್ಕಿತು. 1965ರ ಜೂನ್ 4ರಂದು ಕ್ಯೂ-5 ಹಾರಿತು. ಅಂದಹಾಗೆ, ಅದೇ ಕಾಲಕ್ಕೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ಮರುತ್ ಅನ್ನೋ ದಾಳಿ ವಿಮಾನ ತಯಾರಾಗ್ತಿತ್ತು, ಅದು 1961ರಲ್ಲೇ ಹಾರಿತ್ತು! ಅದರ ಕಥೆ ಇನ್ನೊಂದು ಎಪಿಸೋಡ್‌ಗೆ.

ಸಾಮರ್ಥ್ಯ? ಎರಡು ಎಂಜಿನ್, ಎರಡು 23 ಮಿಮೀ ಫಿರಂಗಿ, ಸುಮಾರು 2 ಟನ್ ಬಾಂಬು. ಅದ್ಭುತ ಏನಲ್ಲ. ದೂರ ಹೋಗೋಕೆ ಇಂಧನ ಸಾಲದೆ, ಮುಂದಿನ ಮಾದರಿಗಳಲ್ಲಿ ಆ ಬಾಂಬ್ ಕೋಣೆಯನ್ನೇ ಟ್ಯಾಂಕ್ ಮಾಡಿಬಿಟ್ಟರು. ನನ್ನ ಪ್ರಕಾರ ಇದರ ನಿಜವಾದ ಗುಣ ಬೇರೆ: ಅಗ್ಗ, ಗಟ್ಟಿ, ತಾವೇ ಮಾಡಿಕೊಳ್ಳಬಹುದಾದದ್ದು.

ಮತ್ತೆ ಯಾಂಗ್ ಹತ್ರ ಬರೋಣ. ವಿಧಾನ ಹೀಗೆ: ನೆಲಕ್ಕೆ ಹತ್ತಿರವಾಗಿ ವೇಗದಲ್ಲಿ ಬಂದು, ಥಟ್ಟನೆ ಮೂತಿ ಎತ್ತಿ, ಕಲ್ಲು ಬೀಸಿದ ಹಾಗೆ ಬಾಂಬನ್ನು ಮೇಲಕ್ಕೆ ಎಸೆದು ತಿರುಗಿ ಓಡೋದು. ಮೂರು ಸಲ ಪ್ರಯತ್ನಿಸಿದರು. ಮೂರೂ ಸಲ ಬಾಂಬ್ ಅಂಟಿಕೊಂಡೇ ಇತ್ತು. ಇಂಧನ ಮುಗೀತಾ ಇದೆ. ಪ್ಯಾರಾಶೂಟ್‌ನಲ್ಲಿ ಹಾರಿದರೆ ಜೀವ ಉಳಿಯಬಹುದು, ಆದರೆ ಬಾಂಬ್ ಸಮೇತ ವಿಮಾನ ಎಲ್ಲಿ ಬೀಳುತ್ತೋ ಯಾರಿಗೆ ಗೊತ್ತು? ಅವರು ನೆಲೆಗೆ ವಾಪಸ್ ತಿರುಗಿದರು. ಅಲ್ಲಿದ್ದವರನ್ನೆಲ್ಲ ಸುರಂಗಗಳಿಗೆ ಕಳಿಸಲಾಗಿತ್ತು. ಖಾಲಿ ರನ್‌ವೇ ಮೇಲೆ, ನೆಲಕ್ಕೆ ತಾಗುವಷ್ಟು ಕೆಳಗೆ ಜೋತಿದ್ದ ಬಾಂಬಿನೊಂದಿಗೆ, ಯಾಂಗ್ ಮೆತ್ತಗೆ ಇಳಿದರು.

ಎಂಟೇ ದಿನ. 1972ರ ಜನವರಿ 7ರಂದು ಅದೇ ಪೈಲಟ್ ಮತ್ತೆ ಹೋದರು. ಈ ಸಲ ಬಾಂಬ್ ಬಿತ್ತು.

ಆಮೇಲೆ ಕ್ಯೂ-5 ಉತ್ತರ ಕೊರಿಯಾ, ಬಾಂಗ್ಲಾದೇಶ, ಮ್ಯಾನ್ಮಾರ್, ಸುಡಾನ್‌ಗೂ ಹೋಯಿತು. ಪಾಕಿಸ್ತಾನ 1980ರ ದಶಕದಲ್ಲಿ ಎ-5 ಹೆಸರಲ್ಲಿ ಕೊಂಡು, 2011ರವರೆಗೆ ಹಾರಿಸಿತು. ಅಲ್ಲಿ ಅದರ ಜಾಗಕ್ಕೆ ಬಂದದ್ದು ಜೆಎಫ್-17, ನೀವು ನ್ಯೂಸ್‌ನಲ್ಲಿ ಕೇಳ್ತಾ ಇರೋ ಅದೇ ವಿಮಾನ.