ತಿಥಿ (ಚಲನಚಿತ್ರ)

ರಾಮ್ ರೆಡ್ಡಿ ನಿರ್ದೇಶಿಸಿದ, 2015ರಲ್ಲಿ ಮೊದಲು ಪ್ರದರ್ಶನಗೊಂಡ ಕನ್ನಡ ಚಿತ್ರ. ಈರೇಗೌಡ ಸಹಲೇಖಕರು. ಚಿತ್ರೀಕರಣ ನಡೆದದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ.

101 ವರ್ಷದ ಸೆಂಚುರಿ ಗೌಡ ತೀರಿಕೊಂಡ ಮೇಲೆ ಹನ್ನೊಂದನೆಯ ದಿನದ ತಿಥಿಯವರೆಗಿನ ಕಥೆಯಿದು. ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆ ಬೇಡ; ಬ್ರಾಂದಿ ಬಾಟಲಿ ಹಿಡಿದು ಹೊಲಗಳಲ್ಲಿ ಅಲೆಯುತ್ತಾನೆ. ಮೊಮ್ಮಗ ತಮ್ಮಣ್ಣ, ಬದುಕಿರುವ ಅಪ್ಪನನ್ನೇ ದಾಖಲೆಯಲ್ಲಿ ಸಾಯಿಸಿ ಐದೆಕರೆ ಜಮೀನು ಮಾರಲು ಹೊರಡುತ್ತಾನೆ. ಮರಿಮಗ ಅಭಿ ಕುರಿಗಾಹಿ ಹುಡುಗಿ ಕಾವೇರಿಯ ಹಿಂದೆ ಬೀಳುತ್ತಾನೆ.

ಪಾತ್ರಧಾರಿಗಳು ವೃತ್ತಿನಟರಲ್ಲ, ಆ ಸೀಮೆಯ ಹಳ್ಳಿಗರು. ಮಂಡ್ಯದ ಆಡುಮಾತು ಇಲ್ಲಿ ಕೃತಕತೆಯಿಲ್ಲದೆ ಕೇಳುತ್ತದೆ. ನಗು ಹುಟ್ಟುವುದೂ ಅದರಿಂದಲೇ. ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದ ಇದು, 63ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾಯಿತು.